ಒಂಬತ್ತು ಗುಂಟೆಯ ಚೌಕ

ಪರದೆಯ ಮೇಲೆ 1973ರ ಬೆಂಗಳೂರು. ಅಂಗೈಯಿಂದ ಮುಚ್ಚಿಬಿಡಬಹುದಾದಷ್ಟು ಒಂದು ನೀಲಿಬೂದು ಕಲೆ, ಸುತ್ತಲೂ ಕೆಂಪು. ಈ ಪಟದಲ್ಲಿ ಕೆಂಪೆಂದರೆ ಹಸಿರು. ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಎಲೆಗಳು ಧಾರಾಳವಾಗಿ ಹಿಂದಕ್ಕೆ ಚೆಲ್ಲುತ್ತವೆ. ಅದನ್ನೇ ಹಿಡಿದು ಕೆಂಪು ಬಳಿದಿದ್ದಾರೆ. ನೀರು ಆ ಬೆಳಕನ್ನು ನುಂಗಿಕೊಳ್ಳುವುದರಿಂದ ಕೆರೆಗಳೆಲ್ಲ ಕಾಡಿಗೆ ಬೊಟ್ಟು.

1972ರಲ್ಲಿ ಅಮೆರಿಕ ಹಾರಿಸಿದ ಮೊದಲ ಲ್ಯಾಂಡ್‌ಸ್ಯಾಟ್‌ನ ಪಟ ಇದು. ಇದರ ಒಂದೊಂದು ಚುಕ್ಕಿಯೂ ಸುಮಾರು ಒಂದು ಎಕರೆ. ಮುಂದೆ ಬಂದ ಲ್ಯಾಂಡ್‌ಸ್ಯಾಟ್‌ಗಳಲ್ಲಿ ಅದು 30 ಮೀಟರ್ ಚೌಕಕ್ಕೆ ಇಳಿಯಿತು. ರೈತನ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂಬತ್ತು ಗುಂಟೆ. ಬ್ರೋಕರ್ ಲೆಕ್ಕದಲ್ಲಿ, ರಸ್ತೆಗೆ ಜಾಗ ಬಿಡದಿದ್ದರೆ, ಎಂಟು ಥರ್ಟಿ-ಫಾರ್ಟಿ ಸೈಟು.

ವರ್ಷಗಳನ್ನು ಒಂದೊಂದಾಗಿ ಒತ್ತುತ್ತಾ ಹೋದೆ. ಕಲೆ ದೋಸೆಯ ಹಾಗೆ ದುಂಡಗೆ ಹರಡಲಿಲ್ಲ. ಹೊಸೂರು ರಸ್ತೆ, ತುಮಕೂರು ರಸ್ತೆ, ಹಳೇ ಮದ್ರಾಸ್ ರಸ್ತೆ ಹಿಡಿದು ಬೆರಳು ಚಾಚಿತು, ಆಮೇಲೆ ನಿಧಾನಕ್ಕೆ ಬೆರಳ ಸಂದುಗಳನ್ನು ತುಂಬಿಕೊಂಡಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಇಂಥ ಪಟಗಳನ್ನೇ ಜೋಡಿಸಿ ಅಳೆದಾಗ, 1973ರಲ್ಲಿ ಶೇ 8ರಷ್ಟಿದ್ದ ಕಟ್ಟಡದ ನೆಲ 2017ರ ಹೊತ್ತಿಗೆ ಮುಕ್ಕಾಲು ಪಾಲು ದಾಟಿತ್ತು.

ಜನ? ಉಪಗ್ರಹಕ್ಕೆ ತಲೆ ಕಾಣುವುದಿಲ್ಲ, ತಾರಸಿ ಕಾಣುತ್ತದೆ. 1971ರಲ್ಲಿ ಹದಿನಾರೂವರೆ ಲಕ್ಷ, 2011ರಲ್ಲಿ 84 ಲಕ್ಷ ಎಂಬುದು ಮನೆಮನೆಗೆ ಹೋಗಿ ಎಣಿಸಿದ ಲೆಕ್ಕ. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. ಹಾಗಾಗಿ ತಾರಸಿಯ ಮೇಲಿಂದಲೇ ಜನರನ್ನು ಅಂದಾಜು ಮಾಡುವವರು ಹೆಚ್ಚಾದರು. ಆದರೆ ಇಪ್ಪತ್ತು ಅಂತಸ್ತಿನ ಅಪಾರ್ಟ್‌ಮೆಂಟಿಗೂ ಅದರ ಪಕ್ಕದ ಗೋದಾಮಿಗೂ ಮೇಲಿಂದ ಒಂದೇ ಬೂದು. ಆ ಅಪಾರ್ಟ್‌ಮೆಂಟ್ ಕಟ್ಟಿದವರ ನೀಲಿ ಟಾರ್ಪಾಲಿನ ಗುಡಿಸಲು ಚೌಕದೊಳಗೆ ಕರಗಿಯೇ ಹೋಗಿರುತ್ತದೆ.

ಬಣ್ಣವೂ ಮೋಸ ಮಾಡುತ್ತದೆ. ಬೆಳ್ಳಂದೂರು ಕೆರೆ ಒಂದು ಪಟದಲ್ಲಿ ಅಚ್ಚ ಕೆಂಪಾಗಿತ್ತು. ತಿಳಿಯದವರು ಉದ್ಯಾನ ಅಂದುಕೊಳ್ಳಬೇಕು. ಅದು ಕೊಳಚೆ ಕುಡಿದು ಕೊಬ್ಬಿದ ಅಂತರಗಂಗೆ.

ಇನ್ನೊಂದು ಅನುಮಾನ ಆನೇಕಲ್ ಕಡೆಯ ಒಂದು ಚೌಕದ್ದು. ಮಾರ್ಚ್ ತಿಂಗಳ ಪಟ. ಕಂಪ್ಯೂಟರು ‘ಕಟ್ಟಡ’ ಎಂದು ಬರೆದಿತ್ತು. ಮೊಬೈಲ್ ಹಿಡಿದು ಹುಡುಕಿಕೊಂಡು ಹೋದರೆ ಕಟ್ಟಡವೇ ಇಲ್ಲ. ಕೊಯ್ಲಾದ ರಾಗಿ ಹೊಲ, ಒಣಗಿದ ಕೂಳೆ, ಎರಡು ಹಸು. ಬೇಸಿಗೆಯ ಬರಿ ಮಣ್ಣಿಗೂ ಸಿಮೆಂಟಿಗೂ ಬೆಳಕಿನಲ್ಲಿ ಅಷ್ಟೇನೂ ವ್ಯತ್ಯಾಸವಿಲ್ಲ. ಯಂತ್ರ ತಪ್ಪಿತೆಂದು ಬರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಬದುವಿನ ಆಚೆ ಸಾಲಾಗಿ ನೆಟ್ಟ ಕಲ್ಲುಗಳು ಕಂಡವು. ತುದಿಗೆ ಹೊಸದಾಗಿ ಸುಣ್ಣ ಬಳಿದಿತ್ತು.

“ಏನ್ ಸಾಮಿ, ಸೈಟ್ ನೋಡಕ್ ಬಂದ್ರಾ?” ಹಸು ಕಾಯುತ್ತಿದ್ದ ಅಜ್ಜ ಕೇಳಿದರು.

ಅಲ್ಲವೆಂದು ಮೊಬೈಲ್ ತೋರಿಸಿದೆ. ಪರದೆಗೆ ಕೈಮರೆ ಮಾಡಿಕೊಂಡು ಬಗ್ಗಿ ನೋಡಿದರು. “ಇದ್ರಾಗೆ ನಮ್ ಹೊಂಗೆ ಮರ ಎಲ್ಲೈತೆ?”

ಎರಡು ಬೆರಳಿಟ್ಟು ಹಿಗ್ಗಿಸಿದೆ. ಹಿಗ್ಗಿಸಿದಷ್ಟೂ ಚೌಕವೇ ದೊಡ್ಡದಾಯಿತು. ನಾವಿಬ್ಬರೂ ನಿಂತಿದ್ದುದು ಆ ಮರದ ನೆರಳಿನಲ್ಲೇ.