ಲಂಡನ್ ಪೊಲೀಸರು ಬಿಟ್ಟುಕೊಟ್ಟ ಊರುಗಳು

ಒಂದು ಊರಿನ ಕಾನೂನು ಸುವ್ಯವಸ್ಥೆಯ ಹೊಣೆ ಒಂದು ಪೊಲೀಸ್ ಪಡೆಯಿಂದ ನೆರೆಯ ಪಡೆಗೆ ವರ್ಗವಾದಾಗ, ಠಾಣೆಯ ಕಟ್ಟಡ, ತೆರಿಗೆಯ ಹಣ, ತನಿಖೆಯಲ್ಲಿರುವ ಪ್ರಕರಣಗಳು ಮತ್ತು ಜನರಿಗೆ ಉತ್ತರ ಹೇಳಬೇಕಾದ ಅಧಿಕಾರಸ್ಥಾನ ಇವೆಲ್ಲವೂ ಒಟ್ಟಿಗೆ ಕೈಬದಲಾಗುತ್ತವೆ. 2000ದ ಏಪ್ರಿಲ್ 1ರಂದು ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಪಡೆಯು ತನ್ನ ಹೊರವಲಯದ ಹಲವು ಊರುಗಳನ್ನು ಹರ್ಟ್‌ಫರ್ಡ್‌ಷೈರ್, ಎಸೆಕ್ಸ್ ಮತ್ತು ಸರ್ರೆ ಎಂಬ ಮೂರು ಕೌಂಟಿಗಳ, ಅಂದರೆ ಅಲ್ಲಿನ ಜಿಲ್ಲೆಗಳ, ಪೊಲೀಸ್ ಪಡೆಗಳಿಗೆ ಒಪ್ಪಿಸಿದ ಪ್ರಸಂಗವು ಇಂಥ ವರ್ಗಾವಣೆಯ ಕಾರಣವನ್ನೂ ತೊಡಕನ್ನೂ ಸ್ಪಷ್ಟವಾಗಿ ತೋರಿಸುತ್ತದೆ.

ಈ ಪಡೆಯನ್ನು 1829ರಲ್ಲಿ ಗೃಹ ಸಚಿವ ರಾಬರ್ಟ್ ಪೀಲ್ ಸ್ಥಾಪಿಸಿದಾಗ, ಅದರ ವ್ಯಾಪ್ತಿಯು ನಗರಮಧ್ಯದ ಚೇರಿಂಗ್ ಕ್ರಾಸ್‌ನಿಂದ ಸುಮಾರು 7 ಮೈಲಿಗಳವರೆಗೆ ಇತ್ತು. 1839ರ ಕಾಯ್ದೆಯು ಅದನ್ನು ಸುಮಾರು 15 ಮೈಲಿಗಳಿಗೆ ವಿಸ್ತರಿಸಿತು. ಅಂದಿನ ಗೆರೆಯನ್ನು ದೂರದ ಲೆಕ್ಕದಲ್ಲಿ ಎಳೆದದ್ದರಿಂದ, ಎಸೆಕ್ಸ್ ಕೌಂಟಿಯ ಲೌಟನ್, ಚಿಗ್‌ವೆಲ್‌ಗಳಂಥ ಊರುಗಳು ಆಡಳಿತದಲ್ಲಿ ಒಂದು ಕೌಂಟಿಗೆ ಸೇರಿದ್ದರೂ ಪೊಲೀಸ್ ವಿಷಯದಲ್ಲಿ ಲಂಡನ್ನಿಗೆ ಸೇರಿದವು. 1965ರಲ್ಲಿ ಗ್ರೇಟರ್ ಲಂಡನ್ ಎಂಬ ಹೊಸ ಆಡಳಿತ ಘಟಕ ರೂಪುಗೊಂಡು ಹಳೆಯ ಮಿಡ್ಲ್‌ಸೆಕ್ಸ್ ಕೌಂಟಿಯು ಆಡಳಿತ ಘಟಕವಾಗಿ ರದ್ದಾದಾಗ, ಅದರ ಪಾಟರ್ಸ್ ಬಾರ್ ಹರ್ಟ್‌ಫರ್ಡ್‌ಷೈರಿಗೂ ಸ್ಟೇನ್ಸ್ ಸರ್ರೆಗೂ ಸೇರಿದವು. ಆದರೆ ಪೊಲೀಸ್ ವಿಷಯದಲ್ಲಿ ಈ ಊರುಗಳು ಲಂಡನ್ನಿನ ಪಡೆಯಲ್ಲೇ ಉಳಿದವು. ಹೀಗೆ ಆ ಊರುಗಳ ಶಾಲೆ, ರಸ್ತೆಗಳನ್ನು ಕೌಂಟಿ ನೋಡಿಕೊಂಡರೆ ಗಸ್ತನ್ನು ಲಂಡನ್ ಪೊಲೀಸರು ನೋಡಿಕೊಳ್ಳುವ ವ್ಯವಸ್ಥೆ ಇನ್ನೂ 35 ವರ್ಷ ಮುಂದುವರಿಯಿತು.

ಈ ಅಸಂಗತಿಯನ್ನು ಇಷ್ಟು ಕಾಲ ಸಹಿಸಿಕೊಳ್ಳಲು ಸಾಧ್ಯವಾದದ್ದಕ್ಕೆ ಒಂದು ಕಾರಣವಿದೆ. ಇಂಗ್ಲೆಂಡಿನ ಇತರ ಪಡೆಗಳ ಮೇಲೆ ಸ್ಥಳೀಯ ಪೊಲೀಸ್ ಪ್ರಾಧಿಕಾರಗಳ, ಅಂದರೆ ಪಡೆಯ ಆಯವ್ಯಯ ಮತ್ತು ಕಾರ್ಯಕ್ಷಮತೆಯನ್ನು ಪರಿಶೀಲಿಸುವ ಮಂಡಳಿಗಳ, ನಿಗಾ ಇದ್ದರೆ, ಮೆಟ್ರೊಪಾಲಿಟನ್ ಪಡೆಗೆ ಆರಂಭದಿಂದಲೂ ಗೃಹ ಸಚಿವರೇ ಪ್ರಾಧಿಕಾರವಾಗಿದ್ದರು. ಆದಕಾರಣ ಲಂಡನ್ನಿನ ಒಳಗಿನವರಿಗೂ ಹೊರಗಿನವರಿಗೂ ಆ ಪಡೆಯ ಮೇಲೆ ಸ್ಥಳೀಯ ಹಿಡಿತವೆಂಬುದು ಸಮಾನವಾಗಿಯೇ ಇಲ್ಲವಾಗಿತ್ತು. 1998ರ ಜನಮತಗಣನೆಯಲ್ಲಿ ಲಂಡನ್ನಿನ ಮತದಾರರು ಚುನಾಯಿತ ಮೇಯರ್ ಮತ್ತು ಅಸೆಂಬ್ಲಿಯನ್ನು ಒಪ್ಪಿಕೊಂಡು, 1999ರ ಗ್ರೇಟರ್ ಲಂಡನ್ ಪ್ರಾಧಿಕಾರ ಕಾಯ್ದೆಯು ಪಡೆಯ ಉಸ್ತುವಾರಿಯನ್ನು 23 ಸದಸ್ಯರ ಮೆಟ್ರೊಪಾಲಿಟನ್ ಪೊಲೀಸ್ ಪ್ರಾಧಿಕಾರಕ್ಕೆ ಒಪ್ಪಿಸಿದಾಗ ಈ ಸಮಸ್ಥಿತಿ ಮುರಿದುಬಿತ್ತು. ಆ ಸದಸ್ಯರಲ್ಲಿ 12 ಮಂದಿ ಲಂಡನ್ ಅಸೆಂಬ್ಲಿಯಿಂದ ಬರಬೇಕಾಗಿತ್ತು. ಲೌಟನ್ ಅಥವಾ ಸ್ಟೇನ್ಸ್‌ನ ನಿವಾಸಿಗೆ ಆ ಅಸೆಂಬ್ಲಿಯ ಚುನಾವಣೆಯಲ್ಲಿ ಮತವೇ ಇರಲಿಲ್ಲ. ತಾವು ಆರಿಸದವರ ಉಸ್ತುವಾರಿಯಲ್ಲಿರುವ ಪಡೆಗೆ ಈ ಊರಿನವರು ತೆರಿಗೆ ತೆರುವಂತಾಗದಿರಲು, ಅದೇ ಕಾಯ್ದೆಯು ಪೊಲೀಸ್ ಗಡಿಯನ್ನು ಗ್ರೇಟರ್ ಲಂಡನ್ನಿನ ಗಡಿಗೆ ಹೊಂದಿಸಿತು.

ಗಡಿ ಬದಲಾದರೂ ಪೊಲೀಸರ ಕಾನೂನುಬದ್ಧ ಅಧಿಕಾರ ಬದಲಾಗಲಿಲ್ಲ ಎಂಬುದು ಇಲ್ಲಿ ಗಮನಾರ್ಹ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಯಾವುದೇ ಪಡೆಯ ಕಾನ್‌ಸ್ಟೆಬಲ್ ಆ ಎರಡೂ ಪ್ರದೇಶಗಳಲ್ಲಿ ಎಲ್ಲಿ ಬೇಕಾದರೂ ಬಂಧಿಸುವ ಅಧಿಕಾರವನ್ನು ಹೊಂದಿರುವುದರಿಂದ, ಗಡಿ ದಾಟಿ ಓಡಿದ ಕಳ್ಳನನ್ನು ಬೆನ್ನಟ್ಟಲು ಯಾರ ಅಪ್ಪಣೆಯೂ ಬೇಕಿಲ್ಲ. ಬದಲಾದದ್ದು ಹೊಣೆ. ತುರ್ತು ಸಂಖ್ಯೆ 999ಕ್ಕೆ ಬಂದ ಕರೆಯನ್ನು ಯಾವ ನಿಯಂತ್ರಣ ಕೊಠಡಿ ಸ್ವೀಕರಿಸಬೇಕು, ಗಸ್ತಿಗೆ ಯಾರು ಸಿಬ್ಬಂದಿ ಒದಗಿಸಬೇಕು, ಮಾರ್ಚ್ 31ರ ರಾತ್ರಿ ನಡೆದ ಅಪರಾಧವನ್ನು ಏಪ್ರಿಲ್ 1ರ ನಂತರ ಯಾರು ತನಿಖೆ ಮಾಡಬೇಕು, ಜಪ್ತಿಯಾದ ವಸ್ತುಗಳು ಯಾರ ಕೋಣೆಯಲ್ಲಿರಬೇಕು ಎಂಬ ಪ್ರಶ್ನೆಗಳಿಗೆ ಮೊದಲೇ ಉತ್ತರ ಸಿದ್ಧವಿಲ್ಲದಿದ್ದರೆ, ದೂರುದಾರನು ಎರಡು ಪಡೆಗಳ ನಡುವೆ ಅಲೆಯಬೇಕಾಗುತ್ತದೆ.

ಸಿಬ್ಬಂದಿಯ ವಿಷಯ ಇನ್ನಷ್ಟು ಸೂಕ್ಷ್ಮವಾದದ್ದು. ಇಂಗ್ಲೆಂಡಿನಲ್ಲಿ ಪ್ರತಿಯೊಂದು ಪಡೆಯೂ ತನ್ನದೇ ಮುಖ್ಯಾಧಿಕಾರಿ, ನೇಮಕಾತಿ ಮತ್ತು ಬಜೆಟ್ ಹೊಂದಿರುವ ಸ್ವತಂತ್ರ ಸಂಸ್ಥೆಯಾಗಿರುವುದರಿಂದ, ಠಾಣೆಯ ಕಟ್ಟಡ ಹೊಸ ಪಡೆಗೆ ಹೋದ ಮಾತ್ರಕ್ಕೆ ಅದರಲ್ಲಿ ವರ್ಷಗಟ್ಟಲೆ ದುಡಿದು ಊರಿನ ಪರಿಚಯ ಗಳಿಸಿಕೊಂಡ ಸಿಬ್ಬಂದಿ ತಾನಾಗಿ ಅತ್ತ ಹೋಗುವುದಿಲ್ಲ. ಸಾಮಾನ್ಯವಾಗಿ ಅದಕ್ಕೆ ನೌಕರನ ಇಚ್ಛೆಯೂ ಎರಡೂ ಪಡೆಗಳ ಒಪ್ಪಿಗೆಯೂ ಬೇಕು, ಲಂಡನ್ನಿನಲ್ಲಿ ದೊರೆಯುವ ವಿಶೇಷ ಭತ್ಯೆಯ ಲೆಕ್ಕವೂ ಅಲ್ಲಿ ಸೇರುತ್ತದೆ. ವರ್ಗವಾದ ಊರುಗಳ ಜನರ ಸ್ಥಳೀಯ ತೆರಿಗೆಯಲ್ಲಿರುವ ಪೊಲೀಸ್ ಪಾಲು ಕೂಡ ಹೊಸ ಪಡೆಯ ಖಾತೆಗೆ ಹರಿಯಬೇಕಾಗುತ್ತದೆ.

ಕರ್ನಾಟಕದ ಓದುಗರಿಗೆ ಈ ತೊಡಕು ಅಪರಿಚಿತವೆನಿಸಲು ಕಾರಣ, ಸಂವಿಧಾನದ ಪ್ರಕಾರ ಪೊಲೀಸ್ ವ್ಯವಸ್ಥೆಯು ರಾಜ್ಯದ ವಿಷಯವಾಗಿರುವುದು. ಇಲ್ಲಿ ನಗರದ ಪೊಲೀಸ್ ಕಮಿಷನರೂ ನೆರೆಯ ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಯೂ ಒಬ್ಬರೇ ಮಹಾನಿರ್ದೇಶಕರ ಕೆಳಗೆ, ಒಂದೇ ಸರ್ಕಾರದ ಸಂಬಳದಲ್ಲಿ ಕೆಲಸ ಮಾಡುವುದರಿಂದ, ಠಾಣೆಯೊಂದನ್ನು ಜಿಲ್ಲೆಯಿಂದ ಕಮಿಷನರೇಟಿಗೆ ಸೇರಿಸಲು ಸರ್ಕಾರದ ಆದೇಶ ಸಾಕಾಗುತ್ತದೆ. ಆದರೂ ‘ಇದು ನಮ್ಮ ಠಾಣಾ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಮಾತು ಇಲ್ಲಿನ ದೂರುದಾರರಿಗೂ ಹೊಸದಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು, ಸಂಜ್ಞೇಯ ಅಪರಾಧವು, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧವು, ಯಾವ ಪ್ರದೇಶದಲ್ಲಿ ನಡೆದಿದ್ದರೂ ಠಾಣೆಯು ಮಾಹಿತಿಯನ್ನು ದಾಖಲಿಸಿಕೊಳ್ಳಬೇಕೆಂದು, ಅಂದರೆ ‘ಶೂನ್ಯ ಎಫ್‌ಐಆರ್’ ಪದ್ಧತಿಯನ್ನು, ವಿಧಿಸಿರುವುದು ಈ ಕಾರಣಕ್ಕೇ.

2012ರಲ್ಲಿ ಇಂಗ್ಲೆಂಡಿನ ಕೌಂಟಿಗಳು ಚುನಾಯಿತ ಪೊಲೀಸ್ ಮತ್ತು ಅಪರಾಧ ಕಮಿಷನರುಗಳ ಉಸ್ತುವಾರಿಗೂ ಲಂಡನ್ ಪಡೆಯು ಮೇಯರ್ ಕಚೇರಿಯ ಉಸ್ತುವಾರಿಗೂ ಒಳಪಟ್ಟಾಗ, 2000ದ ಗಡಿ ಹೊಂದಾಣಿಕೆ ಮೊದಲೇ ಆಗಿದ್ದರಿಂದ ಪ್ರತಿ ಮತದಾರನಿಗೂ ತನ್ನ ಪೊಲೀಸರ ಪರವಾಗಿ ಉತ್ತರಿಸಬೇಕಾದ ವ್ಯಕ್ತಿ ಯಾರೆಂಬುದು ಸ್ಪಷ್ಟವಾಗಿತ್ತು. ಪೊಲೀಸ್ ಗಡಿಯನ್ನು ಎಲ್ಲಿ ಎಳೆಯಬೇಕೆಂಬ ಪ್ರಶ್ನೆಗೆ ಗಸ್ತಿನ ಅನುಕೂಲವೊಂದೇ ಅಳತೆಗೋಲಾಗಲಾರದು. ತೆರಿಗೆ ಕೊಡುವವರು, ರಕ್ಷಣೆ ಪಡೆಯುವವರು ಮತ್ತು ಲೆಕ್ಕ ಕೇಳುವವರು ಒಂದೇ ಗೆರೆಯ ಒಳಗಿರುವ ಗಡಿಯೇ ಸರಿಯಾದ ಗಡಿ.