ಕೈಗೆ ಕಟ್ಟಿದ್ರೆ ಫಿಟ್‌ನೆಸ್ ಬ್ಯಾಂಡ್, ಆನೆ ಕೊರಳಿಗೆ ಕಟ್ಟಿದ್ರೆ ರೇಡಿಯೋ ಕಾಲರ್!

ಮಸಿನಗುಡಿ: ಒಂದು ದಿನದಲ್ಲಿ ಹತ್ತು ಸಾವಿರ ಹೆಜ್ಜೆ ಹಾಕಿದರೆ ಕೈಗೆ ಕಟ್ಟಿದ ಬ್ಯಾಂಡ್ ಗುರ್‍ರೆಂದು ಅಲುಗಾಡಿ ಶಹಬ್ಬಾಸ್ ಹೇಳುತ್ತದೆ. ಆದರೆ ಒಂದೇ ದಿನದಲ್ಲಿ ಸುಮಾರು 40 ಕಿ.ಮೀ. ನಡೆದವನಿಗೆ ಏನು ಹೇಳಬೇಕು?

ಅವನ ಹೆಸರು ರಿವಾಲ್ಡೊ. ಫುಟ್ಬಾಲ್ ಆಟಗಾರನಲ್ಲ, ಆಟಗಾರನ ಹೆಸರು ಹೊತ್ತ ಇಲ್ಲಿನ ಸಲಗ. ಸೊಂಡಿಲ ತುದಿ ತುಂಡಾಗಿ ಉಸಿರಾಟಕ್ಕೆ ಕಷ್ಟಪಡುತ್ತಿದ್ದ ಈ ಆನೆಯನ್ನು 2021ರ ಮೇ ತಿಂಗಳಲ್ಲಿ ವಾಳೈತೋಟ್ಟಂ ಬಳಿ ಹಣ್ಣಿನ ಆಸೆ ತೋರಿಸಿ ಕ್ರಾಲ್‌ಗೆ ಸೇರಿಸಲಾಯಿತು. ಮೂರು ತಿಂಗಳು ಕಳೆದ ಮೇಲೆ ಆಗಸ್ಟ್ 2ರಂದು ಕೊರಳಿಗೆ ರೇಡಿಯೋ ಕಾಲರ್ ಕಟ್ಟಿ ಮುದುಮಲೈ ಒಳಕಾಡಿಗೆ ಬಿಟ್ಟರು. ಬಿಟ್ಟವರು ನಿಟ್ಟುಸಿರು ಬಿಡುವಷ್ಟರಲ್ಲಿ ಸಲಗ ಬಂದ ದಾರಿ ಹಿಡಿದಿತ್ತು. ಮರುದಿನವೇ ಮತ್ತೆ ತನ್ನ ಹಳೇ ಜಾಗದ ಹತ್ತಿರ ಹಾಜರ್!

ಆನೆ ಯಾವ ಕಡೆ ತಿರುಗಿತು, ಎಲ್ಲಿ ನಿಂತಿತು ಎಂಬುದನ್ನು ಸಿಬ್ಬಂದಿಗೆ ತಿಳಿಸಿದ್ದು ಕೊರಳಲ್ಲಿದ್ದ ಆ ಪೆಟ್ಟಿಗೆ. ಬಳಿಕ ಅರಣ್ಯ ಇಲಾಖೆ ಅದನ್ನು ಮತ್ತೆ ಕ್ರಾಲ್‌ಗೆ ಹಾಕದೆ, ಹೊರಗೇ ಬಿಟ್ಟು ಗಮನಿಸುವ ದಾರಿ ಹಿಡಿಯಿತು.

ಪೇಟೆಯವರ ಕೈಯಲ್ಲಿರುವ ಬ್ಯಾಂಡ್ ಮತ್ತು ಕಾಡಾನೆಯ ಕೊರಳಲ್ಲಿರುವ ಪಟ್ಟಿ... ಎರಡೂ ಒಂದೇ ಮನೆತನದವು. ಎರಡರ ಹೊಟ್ಟೆಯಲ್ಲೂ ಇರುವುದು ಒಂದು ಹಸಿರು ಸರ್ಕ್ಯೂಟ್ ಬೋರ್ಡ್. ಆದರೆ ಬ್ಯಾಂಡಿನ ಬೋರ್ಡ್ ತಪ್ಪು ಮಾಡಿದರೆ ಹೆಜ್ಜೆ ಲೆಕ್ಕ ತಪ್ಪುತ್ತದೆ. ಕಾಲರಿನ ಬೋರ್ಡ್ ತಪ್ಪು ಮಾಡಿದರೆ ಹೋಗುವುದು ಜೀವ.

ಆಂಟೆನಾ ಹಿಡಿದು ಗುಡ್ಡ ಹತ್ತಿದ ಕಾಲ

ಈ ಭಾಗಕ್ಕೆ ಕಾಲರ್ ಹೊಸತೇನಲ್ಲ. 1980ರ ದಶಕದಲ್ಲೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಅಧ್ಯಯನಕ್ಕಾಗಿ ಮುದುಮಲೈ ಆನೆಗಳಿಗೆ ರೇಡಿಯೋ ಕಾಲರ್ ಕಟ್ಟಲಾಗಿತ್ತು. ಆ ಕೆಲಸದಲ್ಲಿ ಮುಂದೆ ನಿಂತವರು ಬೆಳಗಾವಿಯ ಅಜಯ್ ದೇಸಾಯಿ. 2020ರ ನವೆಂಬರಿನಲ್ಲಿ ನಿಧನರಾದ ಅವರನ್ನು ಆನೆ ತಜ್ಞರೆಂದು ದೇಶವೇ ಗುರುತಿಸಿತ್ತು.

ಆಗಿನ ಕಾಲರಿಗೆ ಜಿಪಿಎಸ್ ಇರಲಿಲ್ಲ. ಒಳಗಿದ್ದದ್ದು ವಿಎಚ್‌ಎಫ್ ರೇಡಿಯೋ. ಅದು ಟಿಕ್ ಟಿಕ್ ಎಂದು ಸದ್ದು ಕಳಿಸುತ್ತಿತ್ತು, ಅಷ್ಟೇ. ಕೈಯಲ್ಲಿ ಆಂಟೆನಾ ಹಿಡಿದು ಗುಡ್ಡ ಹತ್ತಿ, ಯಾವ ದಿಕ್ಕಿಗೆ ತಿರುಗಿಸಿದರೆ ಸದ್ದು ಜೋರು ಎಂದು ಕೇಳಿ, ಎರಡು ಮೂರು ಕಡೆಯಿಂದ ಗೆರೆ ಎಳೆದು ಆನೆ ಇಂಥಲ್ಲಿದೆ ಎಂದು ಗುರುತು ಹಾಕಬೇಕಿತ್ತು.

ಆ ಗೆರೆಗಳು ಹೇಳಿದ್ದು ದೊಡ್ಡ ಮಾತು. ಆನೆ ಹಿಂಡಿನ ಓಡಾಟ ಒಂದು ಅಭಯಾರಣ್ಯದ ಗಡಿಯೊಳಗೆ ಮುಗಿಯುವುದಿಲ್ಲ. ಮುದುಮಲೈ, ಬಂಡೀಪುರ, ವಯನಾಡು ಎನ್ನುವುದು ನಮ್ಮ ಲೆಕ್ಕ. ಅವಕ್ಕೆ ಎಲ್ಲವೂ ಒಂದೇ ಕಾಡು. ಸೀಗೂರು ಪ್ರಸ್ಥಭೂಮಿಯ ಆನೆ ದಾರಿಯನ್ನು 2020ರ ಅಕ್ಟೋಬರ್ 14ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಇಲ್ಲಿನ ಮನೆಮನೆಗೂ ಗೊತ್ತಿರುವ ಸಂಗತಿ.

ಬೋರ್ಡಿನ ಮೇಲೆ ಏನೇನಿದೆ?

ಈಗಿನ ಕಾಲರಿನ ಬೋರ್ಡ್ ಬಿಚ್ಚಿದರೆ ಕಾಣುವುದು ಐದಾರು ಮುಖ್ಯ ಭಾಗ. ಮೈಕ್ರೋಕಂಟ್ರೋಲರ್ ಎಂಬ ಮೆದುಳು, ಉಪಗ್ರಹದ ಸಂಕೇತ ಹಿಡಿಯುವ ಜಿಪಿಎಸ್, ಮೊಬೈಲಿನಂತೆ ಸಿಮ್ ಹಾಕಿದ ಜಿಎಸ್‌ಎಂ ಮೋಡೆಮ್, ನೆಟ್‌ವರ್ಕ್ ಸಿಗದಿದ್ದಾಗ ಲೆಕ್ಕ ಬರೆದಿಡುವ ಮೆಮೊರಿ ಚಿಪ್, ಜತೆಗೆ ಆ ಹಳೇ ವಿಎಚ್‌ಎಫ್ ಟಿಕ್ ಟಿಕ್. ಏನು ಕೈಕೊಟ್ಟರೂ ಕೊನೆಗೆ ಉಳಿಯುವುದು ಅದೇ.

ಇನ್ನೊಂದು ಆಕ್ಸಿಲರೋಮೀಟರ್. ಬೆರಳ ಉಗುರಿಗಿಂತ ಚಿಕ್ಕ ಚಿಪ್. ಬ್ಯಾಂಡಿನಲ್ಲಿ ಹೆಜ್ಜೆ ಎಣಿಸುವುದು ಇದೇ. ಕಾಲರಿನಲ್ಲಿ ಇದರ ಕೆಲಸ ಬೇರೆ. ಆನೆ ನಡೆಯುತ್ತಿದೆಯೋ ನಿಂತಿದೆಯೋ ತಿಳಿಸುತ್ತದೆ. ನಿಂತೇ ಇದ್ದರೆ ಜಿಪಿಎಸ್ ಯಾಕೆ ಎಬ್ಬಿಸಬೇಕು? ಬ್ಯಾಟರಿ ಉಳೀತು. ಗಂಟೆಗಟ್ಟಲೆ ಅಲುಗಾಟವೇ ಇಲ್ಲ ಅಂದರೆ? ಆನೆ ಬಿದ್ದಿರಬಹುದು, ಸತ್ತಿರಬಹುದು ಎಂಬ ತುರ್ತು ಸಂದೇಶ ಹೋಗುತ್ತದೆ.

ಆಂಟೆನಾ ಎಲ್ಲಿಡಬೇಕು ಎಂಬುದೂ ತಲೆನೋವೇ. ಜಿಪಿಎಸ್ ಆಂಟೆನಾಕ್ಕೆ ಆಕಾಶ ಕಾಣಬೇಕು. ಆನೆಯ ಮೈ ರೇಡಿಯೋ ಅಲೆಯನ್ನು ನುಂಗುತ್ತದೆ. ಹಾಗಾಗಿ ಕೊರಳಡಿ ಭಾರ ಇಳಿಬಿಟ್ಟು, ಆಂಟೆನಾ ಇರುವ ಪೆಟ್ಟಿಗೆ ಸದಾ ಕತ್ತಿನ ಮೇಲೇ ನಿಲ್ಲುವಂತೆ ಮಾಡುತ್ತಾರೆ. ಬೋರ್ಡಿನಲ್ಲೂ ಆಂಟೆನಾದ ಸುತ್ತ ತಾಮ್ರ ಬಿಡದೆ ಜಾಗ ಖಾಲಿ ಇಡಬೇಕು.

ಎಲ್ಲವೂ ಬ್ಯಾಟರಿ ಲೆಕ್ಕ

ಕೈಯ ಬ್ಯಾಂಡನ್ನು ರಾತ್ರಿ ಚಾರ್ಜಿಗೆ ಹಾಕಬಹುದು. ಆನೆಯನ್ನು ಚಾರ್ಜಿಗೆ ಹಾಕುವವರು ಯಾರು? ಬ್ಯಾಟರಿ ಬದಲಿಸಬೇಕೆಂದರೆ ಸಾಕಾನೆ, ಮಾವುತರು, ಪಶುವೈದ್ಯರು, ಅರಿವಳಿಕೆ ಮದ್ದಿನ ಕೋವಿ ಎಲ್ಲಾ ಬೇಕು. ಅದು ಜೀವದ ಜತೆ ಆಟ. ಹಾಸನ ಜಿಲ್ಲೆ ಆಲೂರು ತಾಲ್ಲೂಕಿನಲ್ಲಿ 2023ರ ಆಗಸ್ಟ್ 31ರಂದು ಗಾಯಗೊಂಡ ಕಾಡಾನೆಗೆ ಚಿಕಿತ್ಸೆಗಾಗಿ ಅರಿವಳಿಕೆ ಕೊಡಲು ಹೋದ ಅನುಭವಿ ಸಿಬ್ಬಂದಿಯೇ ಆನೆ ತುಳಿತಕ್ಕೆ ಬಲಿಯಾದರು. ಆದ್ದರಿಂದ ಒಮ್ಮೆ ಕಟ್ಟಿದ ಕಾಲರ್ ವರ್ಷಗಟ್ಟಲೆ ಬಾಳಬೇಕು.

ಲೆಕ್ಕ ಹೀಗೆ ನೋಡಿ. ಟಾರ್ಚಿನ ದಪ್ಪ ಸೆಲ್ಲಿನ ಗಾತ್ರದ ಒಂದು ಲಿಥಿಯಂ ಸೆಲ್ಲಿನಲ್ಲಿ ಸುಮಾರು 19,000 ಮಿಲಿಆಂಪ್-ಗಂಟೆ ಶಕ್ತಿ ಇರುತ್ತದೆ. ಜಿಪಿಎಸ್ ಮತ್ತು ಮೋಡೆಮ್ ಸೇರಿ ಸರಾಸರಿ 100 ಮಿಲಿಆಂಪ್ ಕುಡಿಯುತ್ತವೆ ಎಂದಿಟ್ಟುಕೊಳ್ಳಿ. ಸದಾ ಎಚ್ಚರವಿದ್ದರೆ 190 ಗಂಟೆ, ಅಂದರೆ ಎಂಟು ದಿನದೊಳಗೆ ಸೆಲ್ ಖಾಲಿ! ಗಂಟೆಗೆ ಒಂದು ನಿಮಿಷ ಮಾತ್ರ ಎದ್ದರೆ 475 ದಿನ. ನಾಲ್ಕು ಗಂಟೆಗೊಮ್ಮೆ ಎದ್ದರೆ ಲೆಕ್ಕದಲ್ಲಿ ಐದು ವರ್ಷ. ಸೆಲ್ ತಾನಾಗಿಯೇ ಸೊರಗುವುದು, ನೆಟ್‌ವರ್ಕ್ ಸಿಗದೆ ಮೋಡೆಮ್ ಹುಡುಕಾಡುವುದು ಸೇರಿ ಕಾಡಿನಲ್ಲಿ ಇದು ಇನ್ನೂ ಕಡಿಮೆ.

ಮಾದರಿ ಬೋರ್ಡ್ ಮಾಡುವ ಎಂಜಿನಿಯರ್ ಮೊದಲು ಅಳೆಯಬೇಕಾದದ್ದು ಬೋರ್ಡ್ ಎಚ್ಚರವಿದ್ದಾಗಿನ ಕರೆಂಟನ್ನಲ್ಲ, ಮಲಗಿದ್ದಾಗಿನ ಕರೆಂಟನ್ನು. ಮಲಗಿದಾಗಲೂ 5 ಮಿಲಿಆಂಪ್ ಸೋರುತ್ತಿದ್ದರೆ ಏನೂ ಕೆಲಸ ಮಾಡದೆಯೇ ಐದು ತಿಂಗಳಲ್ಲಿ ಸೆಲ್ ಸತ್ತಿರುತ್ತದೆ. ಮೇಜಿನ ಮೇಲೆ ಚೆಂದವಾಗಿ ಮಿನುಗುವ ಒಂದು ಪುಟ್ಟ ದೀಪ ಸಾಕು ಅಷ್ಟು ಕರೆಂಟು ತಿನ್ನಲು.

ಇನ್ನೊಂದು ಪೆಟ್ಟು ಮೋಡೆಮಿನಿಂದ. ಜಿಎಸ್‌ಎಂ ಮೋಡೆಮ್ ಸಂದೇಶ ಕಳಿಸುವ ಕ್ಷಣದಲ್ಲಿ 2 ಆಂಪ್‌ವರೆಗೂ ಒಮ್ಮೆಗೇ ಎಳೆಯುತ್ತದೆ. ಹೆಚ್ಚು ಬಾಳುವ ಲಿಥಿಯಂ ಸೆಲ್‌ಗಳಿಗೆ ಅಷ್ಟು ಜೋರಾಗಿ ಕೊಡುವ ತಾಕತ್ತಿಲ್ಲ. ವೋಲ್ಟೇಜ್ ಕುಸಿದು ಬೋರ್ಡ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಮತ್ತೆ ಕುಸಿಯುತ್ತದೆ. ಅದಕ್ಕೇ ಮೋಡೆಮಿನ ಪಕ್ಕದಲ್ಲೇ ದೊಡ್ಡ ಕೆಪಾಸಿಟರ್ ಇಡಬೇಕು, ತಾಮ್ರದ ಗೆರೆ ಅಗಲವಿರಬೇಕು. ಬಾವಿಯಿಂದ ನಿಧಾನಕ್ಕೆ ಸೇದಿ ಹಂಡೆ ತುಂಬಿಸಿಟ್ಟು, ಬೇಕಾದಾಗ ಒಮ್ಮೆಗೇ ಸುರಿದಂತೆ.

ಕೊನೆಗೆ ಇಡೀ ಬೋರ್ಡನ್ನು ರಾಳದಂಥ ಅಂಟಿನಲ್ಲಿ ಮುಳುಗಿಸಿ ಗಟ್ಟಿ ಮಾಡುತ್ತಾರೆ. ಮಳೆ, ಕೆಸರು, ಮರಕ್ಕೆ ಉಜ್ಜುವ ಕತ್ತು, ಪಕ್ಕದ ಆನೆಯ ಸೊಂಡಿಲು ಎಲ್ಲವನ್ನೂ ತಡೆಯಬೇಕಲ್ಲ! ಒಮ್ಮೆ ಮುಳುಗಿಸಿದ ಮೇಲೆ ರಿಪೇರಿ ಇಲ್ಲ. ಆದ್ದರಿಂದ ಮೊದಲು ಬಿಡಿ ಮಾಡ್ಯೂಲ್‌ಗಳನ್ನು ತಂತಿಯಲ್ಲಿ ಜೋಡಿಸಿ ನೋಡಿ, ಬಳಿಕ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸಿ, ನಾಲ್ಕೈದು ಬೋರ್ಡ್ ಮಾತ್ರ ಮಾಡಿಸಿ, ತಪ್ಪು ಹುಡುಕಿ ಮತ್ತೆ ಬಿಡಿಸುವುದು ರೂಢಿ. ಮೊದಲ ಬೋರ್ಡ್ ಸರಿಯಾಗಿ ಬಂದರೆ ಅದೃಷ್ಟ.

ಗಡಿಯಾಚೆ ಹಗುರಾದ ಪಟ್ಟಿ

ಮಸಿನಗುಡಿಯ ನೆರೆಯ ಬಂಡೀಪುರ ಇರುವ ಕರ್ನಾಟಕದಲ್ಲಿ 2024ರ ಡಿಸೆಂಬರಿನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಸ್ವದೇಶಿ ಆನೆ ಕಾಲರ್ ಬಿಡುಗಡೆ ಮಾಡಿದರು. ಹೆಸರು ‘ಕೆಪಿ ಟ್ರ್ಯಾಕರ್’. ಬೆಂಗಳೂರಿನ ಇನ್ಫಿಕ್ಷನ್ ಲ್ಯಾಬ್ಸ್ ಜತೆ ಸೇರಿ ರೂಪಿಸಿದ್ದು. ಅದುವರೆಗೆ ದಕ್ಷಿಣ ಆಫ್ರಿಕಾ, ಜರ್ಮನಿ ಕಂಪನಿಗಳಿಂದ ತರಿಸುತ್ತಿದ್ದ ಕಾಲರಿಗೆ ಸುಮಾರು 6.5 ಲಕ್ಷ ರೂ.; ಇದಕ್ಕೆ 1.80 ಲಕ್ಷ ರೂ. ಎಂದು ಆಗ ಪ್ರಕಟಿಸಲಾಯಿತು. ಹಳೆಯದರ ತೂಕ 16-17 ಕಿಲೋ, ಇದರದು 7 ಕಿಲೋ.

ಹಣ ಉಳಿತಾಯ ಒಂದು ಲಾಭ. ಅದಕ್ಕಿಂತ ದೊಡ್ಡದು, ಕೆಟ್ಟರೆ ಹಡಗು-ವಿಮಾನ ಕಾಯಬೇಕಿಲ್ಲ. ಇಲ್ಲಿನ ಮಳೆಗೆ, ಇಲ್ಲಿನ ನೆಟ್‌ವರ್ಕಿಗೆ ತಕ್ಕಂತೆ ಬೋರ್ಡ್ ತಿದ್ದಿ ಮತ್ತೆ ಮಾಡಬಹುದು.

ಸಂದೇಶ ಬಂತು, ಆದ್ರೆ ಯಾರಿಗೆ?

ಕಾಲರ್ ಕಟ್ಟಿದ ಮಾತ್ರಕ್ಕೆ ಎಲ್ಲ ಮುಗೀತು ಅಂತಲ್ಲ. ಗೂಡಲೂರು ಭಾಗದಲ್ಲಿ 2022ರ ಡಿಸೆಂಬರಿನಲ್ಲಿ ಹಿಡಿದ ‘ಪಿಎಂ-2’ ಮಖ್ನಾ ಆನೆಗೆ ಕಾಲರ್ ಕಟ್ಟಿ ಮುದುಮಲೈಗೆ ಬಿಡಲಾಗಿತ್ತು. ಮರು ತಿಂಗಳೇ ಅದು ಕೇರಳದ ಸುಲ್ತಾನ್ ಬತ್ತೇರಿ ಪೇಟೆ ಬೀದಿಗೆ ಬಂತು. ಅಲ್ಲಿನ ಅರಣ್ಯ ಇಲಾಖೆ ಮತ್ತೆ ಸೆರೆ ಹಿಡಿಯಿತು.

ಇದಕ್ಕಿಂತ ಕಹಿಯಾದದ್ದು 2024ರ ಫೆಬ್ರವರಿ 10ರ ಬೆಳಗು. ಕರ್ನಾಟಕದ ಬೇಲೂರು ಕಡೆ ಹಿಡಿದು, ಕಾಲರ್ ಕಟ್ಟಿ, ಗಡಿ ಕಾಡಿನಲ್ಲಿ ಬಿಟ್ಟಿದ್ದ ಮಖ್ನಾ ವಯನಾಡಿನ ಮಾನಂದವಾಡಿ ಬಳಿ ಮನೆಯಂಗಳಕ್ಕೇ ನುಗ್ಗಿ ಒಬ್ಬರನ್ನು ಕೊಂದಿತು. ಕೊರಳಲ್ಲಿ ಕಾಲರ್ ಇತ್ತು. ಆನೆ ಇರುವ ಜಾಗದ ಮಾಹಿತಿ ಸಕಾಲಕ್ಕೆ ಆಚೆಯವರ ಕೈಗೆ ಸಿಕ್ಕಿತೇ ಎಂಬುದೇ ಎರಡು ರಾಜ್ಯಗಳ ನಡುವೆ ದೊಡ್ಡ ಜಟಾಪಟಿಯಾಯಿತು. ಮಾರ್ಚ್ 10ರಂದು ಬಂಡೀಪುರದಲ್ಲಿ ಸಭೆ ಸೇರಿ, ಮಾನವ-ವನ್ಯಜೀವಿ ಸಂಘರ್ಷ ಎದುರಿಸಲು ಅಂತರರಾಜ್ಯ ಒಪ್ಪಂದಕ್ಕೆ ಕೇರಳ, ಕರ್ನಾಟಕ ಸಹಿ ಹಾಕಿದವು.

ಇಲ್ಲೇ ಬೋರ್ಡಿನ ಲೆಕ್ಕ ಮತ್ತು ಜನರ ಲೆಕ್ಕ ಡಿಕ್ಕಿ ಹೊಡೆಯುವುದು. ಬ್ಯಾಟರಿ ಉಳಿಸಲು ನಾಲ್ಕು ಗಂಟೆಗೊಂದು ಸಂದೇಶ ಸಾಕು ಅಂದರೆ, ಅಷ್ಟರಲ್ಲಿ ಆನೆ ಒಂದು ಊರು ದಾಟಿ ಇನ್ನೊಂದು ಊರಿನ ಬಾಳೆತೋಟದಲ್ಲಿರುತ್ತದೆ. ಹದಿನೈದು ನಿಮಿಷಕ್ಕೊಂದು ಬೇಕು ಅಂದರೆ ಅದೇ ಸೆಲ್ ನಾಲ್ಕೇ ತಿಂಗಳಿಗೆ ಮುಗಿಯುತ್ತದೆ.

ಇದಕ್ಕೊಂದು ಉಪಾಯವಿದೆ. ನಕ್ಷೆಯ ಮೇಲೆ ಊರಿನ ಸುತ್ತ ಕಾಣದ ಬೇಲಿ ಎಳೆದು ಬೋರ್ಡಿನ ಮೆಮೊರಿಗೆ ತುಂಬುವುದು. ಆನೆ ಒಳಕಾಡಿನಲ್ಲಿದ್ದಾಗ ಬೋರ್ಡ್ ನಿದ್ದೆ ಮಾಡಲಿ. ಬೇಲಿ ಹತ್ತಿರ ಬಂದ ಕೂಡಲೇ ಎಚ್ಚರವಾಗಿ ಪದೇ ಪದೇ ಕೂಗಲಿ. ಬೇಲಿ ರಾಜ್ಯದ ಗಡಿಯಲ್ಲಿದ್ದರೆ ಸಂದೇಶ ಎರಡೂ ಕಡೆಗೆ ಹೋಗಲಿ.

ಮೊಬೈಲ್ ಟವರ್ ಸಿಗದ ಮೊಯಾರ್ ಕಣಿವೆಯಂಥ ಕಡೆ? ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್ ಅಲೆಗಳನ್ನು ನಿಗದಿತ ಶಕ್ತಿಯ ಮಿತಿಯಲ್ಲಿ ಪರವಾನಗಿ ಇಲ್ಲದೆ ಬಳಸಬಹುದು. ಈ ಅಲೆಯಲ್ಲಿ ಕಡಿಮೆ ಕರೆಂಟಿನಲ್ಲೇ ಕಿ.ಮೀ.ಗಟ್ಟಲೆ ದೂರ ಪುಟ್ಟ ಸಂದೇಶ ಕಳಿಸುವ ಚಿಪ್‌ಗಳಿವೆ. ಗುಡ್ಡದ ಮೇಲೊಂದು ಸೌರ ಪೆಟ್ಟಿಗೆ ಇಟ್ಟರೆ ಅದೇ ಟವರ್.

ಕೊನೆಯ ಕೊಂಡಿ ಜನ. ತಮಿಳುನಾಡಿನದೇ ವಾಲ್ಪಾರೈಯಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಆನೆ ಇರುವ ಜಾಗವನ್ನು ಎಸ್‌ಎಂಎಸ್ ಮೂಲಕ, ಮೊಬೈಲಿನಿಂದ ಹೊತ್ತಿಸುವ ಕೆಂಪು ದೀಪದ ಮೂಲಕ ಜನರಿಗೆ ತಿಳಿಸುವ ವ್ಯವಸ್ಥೆ ಮಾಡಿದ್ದಾರೆ. ಕೆಂಪು ದೀಪ ಕಂಡರೆ ಓದು ಬಾರದವರಿಗೂ ಅರ್ಥವಾಗುತ್ತದೆ. ಮಸಿನಗುಡಿ, ಮಾವನಹಳ್ಳ, ಬೊಕ್ಕಾಪುರದಂಥ ಊರುಗಳಲ್ಲಿ ಕನ್ನಡ, ತಮಿಳು, ಬಡಗ, ಇರುಳ, ಮಲಯಾಳಂ ಎಲ್ಲವೂ ಕಿವಿಗೆ ಬೀಳುತ್ತವೆ. ಸಂದೇಶ ಯಾವ ಭಾಷೆಯಲ್ಲಿ ಬರುತ್ತದೆ ಎಂಬುದೂ ಇಲ್ಲಿ ಬ್ಯಾಟರಿಯಷ್ಟೇ ಮುಖ್ಯ.

ಕಾಲರ್ ಜನರನ್ನು ಮಾತ್ರ ಕಾಯುವುದಲ್ಲ. 2021ರ ಜನವರಿಯಲ್ಲಿ ಇದೇ ಮಸಿನಗುಡಿಯಲ್ಲಿ ಬೆಂಕಿ ಹಚ್ಚಿ ಎಸೆದ ವಸ್ತುವಿನಿಂದ ಸುಟ್ಟು ಗಾಯಗೊಂಡ ಆನೆ ಪ್ರಾಣ ಬಿಟ್ಟಿತು. ಸಲಗ ಎಲ್ಲಿದೆ ಎಂದು ಮೊದಲೇ ಗೊತ್ತಾದರೆ ಶಾಲೆ ಮಕ್ಕಳು ಬೇರೆ ದಾರಿ ಹಿಡಿಯಬಹುದು, ಕೂಲಿಗೆ ಹೊರಟವರು ಅರ್ಧ ಗಂಟೆ ತಡೆಯಬಹುದು. ಹೆದರಿಕೆ ಕಡಿಮೆಯಾದರೆ ಬೆಂಕಿ ಎಸೆಯುವ ಕೈಯೂ ಕಡಿಮೆಯಾದೀತು.

ಕೈಯ ಬ್ಯಾಂಡಿಗೆ ಯಜಮಾನ ಒಬ್ಬನೇ. ಕಟ್ಟಿಕೊಂಡವನೇ ನೋಡುತ್ತಾನೆ. ಕೊರಳ ಪಟ್ಟಿಯ ಕತೆ ಹಾಗಲ್ಲ. ಕಟ್ಟಿಕೊಂಡ ಆನೆಗೆ ಅದರ ಗೊಡವೆಯೇ ಇಲ್ಲ. ಅದು ಹೇಳುವುದನ್ನು ಹೊತ್ತಿಗೆ ಸರಿಯಾಗಿ ಕೇಳಿಸಿಕೊಳ್ಳಬೇಕಾದವರು ಮೂರು ರಾಜ್ಯದವರು.