ಪದವೀಧರ ಮಕ್ಕಳು ಮತ್ತು ಸ್ವಂತ ಉದ್ದಿಮೆ

ಕರ್ಮಭೂಮಿಯ ಆರಂಭದಲ್ಲಿ ಭಗವಾನ್ ಆದಿನಾಥರು ಜನರಿಗೆ ಬೋಧಿಸಿದ ಜೀವನೋಪಾಯಗಳು ಆರು: ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ. ಇಂದು ನಮ್ಮ ಮನೆಗಳಲ್ಲಿ ಮಗ ಪದವಿ ಮುಗಿಸಿದನೆಂದರೆ ಕೇಳಿಬರುವುದು ಮಸಿಯೊಂದರ ಮಾತು. "ನೌಕರಿ ಎಲ್ಲಿ ಸಿಕ್ಕಿತು?" ಎಂದು ಬೀಗರು ವಿಚಾರಿಸುತ್ತಾರೆ; "ಏನು ಸುರು ಮಾಡ್ತೀಯಪಾ?" ಎನ್ನುವವರು ವಿರಳ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಅಜ್ಜನ ಕಾಲದ ಅಡತಿ ಅಂಗಡಿಯ ಗಾದಿಯ ಮೇಲೆ ತಂದೆಯೊಬ್ಬರೇ ಕುಳಿತಿರುವುದು, ಮಗ ಪುಣೆಯಲ್ಲಿ ಸಂಬಳಕ್ಕಿರುವುದು ಅಪರೂಪದ ನೋಟವಲ್ಲ. ಕಾಲೇಜೇ ಹುಡುಗನನ್ನು ವ್ಯಾಪಾರದಿಂದ ದೂರ ಮಾಡಿತು ಎಂಬುದು ಹಿರಿಯರ ದೂರು.

ಈ ದೂರಿಗೆ ಅವರು ಕೊಡುವ ಸಾಕ್ಷಿ ಶೇಠ ವಾಲಚಂದ ಹಿರಾಚಂದರದು. 1882ರಲ್ಲಿ ಸೊಲ್ಲಾಪುರದ ದಿಗಂಬರ ಜೈನ ಮನೆತನದಲ್ಲಿ ಹುಟ್ಟಿದ ವಾಲಚಂದರು ಮುಂಬಯಿ, ಪುಣೆಗಳಲ್ಲಿ ಕಾಲೇಜು ಕಲಿತರೂ ಪದವಿ ಮುಗಿಸಲಿಲ್ಲ. ಮನೆಯ ವ್ಯಾಪಾರಕ್ಕೆ ಬಂದು, ಅದಕ್ಕೂ ಅಂಟಿಕೊಳ್ಳದೆ, ರೇಲ್ವೆಯಲ್ಲಿ ಗುಮಾಸ್ತರಾಗಿದ್ದ ಫಾಟಕರೊಡನೆ ಸೇರಿ ಬಾರ್ಶಿ ಲೈಟ್ ರೇಲ್ವೆಯ ಕಂತ್ರಾಟು ಹಿಡಿದರು. 1919ರಲ್ಲಿ ಸಿಂಧಿಯಾ ಹಡಗು ಕಂಪನಿ, 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನ ವಿಮಾನ ಕಾರಖಾನೆ! ನಿಜ, ಇದೆಲ್ಲ ಪದವಿಯಿಲ್ಲದೆ ಆದದ್ದು. ಆದರೆ ಕಲಿತ ಇಂಜಿನಿಯರುಗಳಿಲ್ಲದೆ ಆದದ್ದಲ್ಲ. ಸಾಂಗ್ಲಿಯಲ್ಲಿ 1947ರಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜು ಮುಂದೆ ಅವರದೇ ಹೆಸರು ಪಡೆದಿರುವುದನ್ನು ದೂರುವವರು ಮರೆಯುತ್ತಾರೆ.

ಕಾಲೇಜಿನಲ್ಲಿ ಉದ್ದಿಮೆಯನ್ನೇ ಪಾಠವಾಗಿ ಕಲಿಸಿದರೆ ಏನಾಗುತ್ತದೆ? 2010ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಕುತೂಹಲಕರವಾಗಿವೆ. ಹಾಲೆಂಡಿನ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳಿಂದ ಪುಟ್ಟ ಕಂಪನಿ ನಡೆಸಿಸಿದರು. ಪಾಠ ಮುಗಿಯುವಷ್ಟರಲ್ಲಿ ಸ್ವಂತ ಉದ್ದಿಮೆಯ ಇಚ್ಛೆ ಕಡಿಮೆಯಾಗಿತ್ತು. ಜರ್ಮನಿಯ ಮ್ಯೂನಿಕ್ ವಿಶ್ವವಿದ್ಯಾಲಯದಲ್ಲೂ ಅಂಥದೇ ಫಲ, ಆದರೆ ತಮ್ಮ ಕೌಶಲ ಹೆಚ್ಚಿತೆಂದು ಅಲ್ಲಿನ ವಿದ್ಯಾರ್ಥಿಗಳು ಹೇಳಿದರು. ಇದನ್ನು ಸೋಲೆಂದು ನಾವು ಎಣಿಸುವುದಿಲ್ಲ. ತನಗೆ ಒಗ್ಗದು ಎಂದು ಇಪ್ಪತ್ತನೆಯ ವಯಸ್ಸಿಗೇ ತಿಳಿದ ಹುಡುಗ ಮನೆತನದ ಬಂಡವಾಳ ಉಳಿಸಿದಂತೆಯೇ. ದಿವಾಳಿಯ ನಂತರ ತಿಳಿಯುವುದು ಬಹಳ ದುಬಾರಿ ವಿದ್ಯೆ.

ಮನುಷ್ಯನ ಸಂಕಲ್ಪಕ್ಕೆ ಮೂರು ಬೇರುಗಳೆಂದು 1991ರಲ್ಲಿ ಮನೋವಿಜ್ಞಾನಿ ಐಸೆಕ್ ಆಜ್ಜೆನ್ ವಿವರಿಸಿದರು: ಆ ಕೆಲಸ ಒಳ್ಳೆಯದೆಂಬ ಭಾವನೆ, ನಮ್ಮವರು ಏನೆನ್ನುವರೆಂಬ ಎಣಿಕೆ, ನನ್ನಿಂದಾದೀತೆಂಬ ಧೈರ್ಯ. ಮೊದಲನೆಯದನ್ನು ಪ್ರಾಧ್ಯಾಪಕರು ಬೆಳೆಸಿಯಾರು. ಎರಡನೆಯದು ಪೂರ್ತಿ ನಮ್ಮ ಕೈಯಲ್ಲಿದೆ. ಕನ್ಯೆ ನೋಡಲು ಹೋದಾಗ ಅಂಗಡಿಯ ಹುಡುಗನನ್ನು ಕೆಳಗಿಟ್ಟು ಸಂಬಳದವನನ್ನು ಮೇಲಿಡುವವರು ಕಾಲೇಜಿನವರಲ್ಲವಲ್ಲ!

ಮೂರನೆಯದು ಕೈಯಾರೆ ಮಾಡಿದರಷ್ಟೇ ಬರುತ್ತದೆ. ಕುಂಭೋಜದ ಕರ್ಮವೀರ ಭಾವುರಾವ ಪಾಟೀಲರು ಸ್ವತಃ ಹೆಚ್ಚು ಓದಿದವರಲ್ಲ. ಕಿರ್ಲೋಸ್ಕರ ನೇಗಿಲು ಮಾರಾಟಕ್ಕೆ ಊರೂರು ತಿರುಗಿದವರು. 1919ರಲ್ಲಿ ಅವರು ಸ್ಥಾಪಿಸಿದ ರಯತ ಶಿಕ್ಷಣ ಸಂಸ್ಥೆಯಲ್ಲಿ ದುಡಿಯುತ್ತ ಕಲಿಯುವ ಪದ್ಧತಿ ಬೆಳೆಯಿತು.

ನಮ್ಮ ಅಂಗಡಿಗಳಲ್ಲಿ ನಡೆಯುವುದು ಇದಕ್ಕೆ ತೀರ ಉಲ್ಟಾ. ಬಿ.ಕಾಂ. ಓದುವ ಮಗನಿಗೆ ಉದ್ರಿ ಎಷ್ಟಿದೆ, ವಸೂಲಾಗದ್ದೆಷ್ಟು, ಬ್ಯಾಂಕಿನ ಬಡ್ಡಿ ಎಷ್ಟು ಹೋಗುತ್ತದೆ ಎಂದು ತಂದೆ ಹೇಳುವುದಿಲ್ಲ. ಹುಡುಗ ತೂಕದ ಕಲ್ಲು ಎತ್ತಿಡುತ್ತಾನೆ, ಚಹಾ ತರಿಸುತ್ತಾನೆ, ಅಷ್ಟೇ. ಮಗಳಿಗಂತೂ ಅದೂ ಇಲ್ಲ. ಲೆಕ್ಕದಲ್ಲಿ ಅಣ್ಣನಿಗಿಂತ ಅವಳೇ ಚುರುಕಾಗಿದ್ದರೂ. ಗೃಹಸ್ಥನಿಗೆ ಉದ್ಯೋಗಿ ಹಿಂಸೆ ಪೂರ್ತಿ ತಪ್ಪದಾದರೂ ಯಾವ ವ್ಯಾಪಾರ ಶ್ರಾವಕನಿಗೆ ಸಲ್ಲುತ್ತದೆ, ಯಾವುದು ಸಲ್ಲದು ಎಂಬ ವಿವೇಕವೂ ಕಾಲೇಜಿನ ಪಾಠದಲ್ಲಿಲ್ಲ. ಅದೂ ಅಂಗಡಿಯಲ್ಲೇ ಸಿಗಬೇಕಾದದ್ದು.

ದೀಪಾವಳಿಯಂದು ಮಹಾವೀರ ಸ್ವಾಮಿಯ ನಿರ್ವಾಣ ಪೂಜೆ ಮುಗಿಸಿ ಹೊಸ ವಹಿ ತೆಗೆಯುತ್ತೇವೆ. ಈ ಸಲ ಹಳೆಯ ವಹಿಯನ್ನೂ ಬಿಚ್ಚಿ, ಕಾಲೇಜಿನಿಂದ ರಜೆಗೆ ಬಂದ ಮಗ-ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ವರ್ಷದ ಲಾಭ-ನಷ್ಟ ಓದಿಸಿ ನೋಡೋಣ.